ಎಡಗೈಯ ಕುಡುಗೋಲು

ಮುನಿವೆಂಕಟಮ್ಮ ಮೇಡಮ್ ಅಂಗಡಿಗೆ ಬರುವುದು
ಗುರುವಾರ, ತರಕಾರಿ ಮುಗಿಸಿ.
ಚೀಲದಲ್ಲಿ ಕೊತ್ತಂಬರಿ ಕಟ್ಟು, ಅದರ ಕೆಳಗೆ
ಟವೆಲಿನಲ್ಲಿ ಸುತ್ತಿದ ಇನ್ನೂರು ವರ್ಷ.

ನನ್ನದು ಫ್ರೇಮ್ ಕಟ್ಟುವ ಕಸುಬು.
ಚಿಕ್ಕಬಳ್ಳಾಪುರದ ಎಷ್ಟೋ ಗೋಡೆಗಳ ಮೇಲೆ
ನಾನು ಕೂರಿಸಿದ ದೇವರಿದ್ದಾರೆ, ತೀರಿಹೋದವರಿದ್ದಾರೆ,
ಗಾಜಿನ ಮೇಲೆ ಕುಂಕುಮದ ಬೊಟ್ಟು ಹೊತ್ತು.
ಮೇಡಮ್ ತರುವವರಿಗೆ ಬೊಟ್ಟಿಲ್ಲ, ಹೆಸರೂ ಇಲ್ಲ:
ತಾಮ್ರದ ತಗಡಿನಲ್ಲಿ ಕೊರೆದ ಕೋಟೆ, ಫಿರಂಗಿ, ಡೇರೆ,
ಕಾಗದದ ಅಂಚಿಗೆ ತಗಡು ಒತ್ತಿದ ತಗ್ಗು,
ಬೆರಳಿಟ್ಟರೆ ಹಳೆ ಗಾಯದಂತೆ ಸಿಗುತ್ತದೆ.

'ಮೈದಾ ಅಂಟು ಬೇಡ ಪ್ಯಾರೂ, ಹುಳುವಿಗೆ ಹಬ್ಬ.
ಅಕ್ಕಿ ಗಂಜಿ, ಚಿಟಿಕೆ ಮೈಲುತುತ್ತ.'
ಪಿಂಚಣಿ ಮಿಕ್ಕ ತಿಂಗಳು ಒಂದು ಹಾಳೆ,
ಬಳೆ ಮಾರಿದ ವರ್ಷ ಒಂದಿಡೀ ಪುಸ್ತಕ,
ಬೆನ್ನು ಹರಿದದ್ದು, ನಡುವೆ ಮಡಚಿಟ್ಟ ಭೂಪಟ:
ಗೊತ್ತಿಲ್ಲದ ಕಡೆಯೆಲ್ಲ ಬಿಳಿ ಬಿಟ್ಟಿದ್ದಾರೆ.
'ನಮ್ಮೂರು ಈ ಬಿಳಿಯೊಳಗೆ ನೋಡು' ಎಂದು ನಕ್ಕರು,
'ಆಗಲೂ ಅಲ್ಲಿ ರಾಗಿ ಬೀಸುತ್ತಿದ್ದರು.'

ಆದರೆ ಆಕೆಯ ಜೀವ ಇದ್ದದ್ದು ನಂದಿಬೆಟ್ಟದ ಹಾಳೆಯಲ್ಲಿ.
ಕೆಳಗೆ ಬಳ್ಳಿಬಳ್ಳಿ ಅಕ್ಷರ, ನಂದಿಯ ಹೆಸರನ್ನು
ಬಾಯಲ್ಲಿ ಅಡಿಕೆಹೋಳು ಇಟ್ಟುಕೊಂಡು ಹೇಳಿದಂತೆ.
ಬೆಟ್ಟ ದೊಡ್ಡದು. ಮೂಲೆಯಲ್ಲಿ, ಕಡಲೆಕಾಳಿನಷ್ಟು,
ಹುಲ್ಲು ಕೊಯ್ಯುವವನೊಬ್ಬ.
ಮುಖಕ್ಕೆ ಮೂರೇ ಗೆರೆ.
ಕುಡುಗೋಲು ಎಡಗೈಯಲ್ಲಿ.

'ಎಡಚ, ನನ್ನ ಹಾಗೆ.'
ಒಂದನೇ ಕ್ಲಾಸಿನಲ್ಲಿ ರೂಲುದೊಣ್ಣೆ ಮುರಿದದ್ದು ಆ ಗೆಣ್ಣುಗಳ ಮೇಲೆ,
ಎಡಗೈ ಒಡ್ಡಿದ್ದಕ್ಕೆ ತೀರ್ಥ ಪಕ್ಕದವರಿಗೆ ಹೋದದ್ದು,
ಮುಂದೆ ತಾವೇ ಡ್ರಾಯಿಂಗ್ ಟೀಚರಾಗಿ
ಇನ್‌ಸ್ಪೆಕ್ಟರು ಬಂದ ದಿನ ಬಲಗೈಯಲ್ಲಿ
ಬೋರ್ಡಿನ ಮೇಲೆ ಸೊಟ್ಟ ಮಾವಿನಹಣ್ಣು ಬರೆದದ್ದು,
ಎಲ್ಲ ಹೇಳಿದ್ದು ಆ ಒಂದು ಹಾಳೆಯ ಧೂಳು ಕೊಡವುತ್ತಾ.

ಚಿತ್ರಗಾರ ನಿಂತ ಜಾಗ ಹುಡುಕೋಣವೆಂದರು.
ಆಟೋದಲ್ಲಿ ಹೊರಟೆವು, ಹಾಳೆ ಎರಡು ರಟ್ಟುಗಳ ನಡುವೆ.
ದ್ರಾಕ್ಷಿ ಚಪ್ಪರಗಳ ಬದಿ, ರೈಲು ಗೇಟಿನ ಆಚೆ,
ಕಲ್ಲು ಕ್ವಾರಿಯ ಧೂಳು, ಸಂಜೆಗೆ ಕಂದವಾರದ ಕೆರೆ ಏರಿ.
ಎಲ್ಲಿ ನಿಂತರೂ ಬೆಟ್ಟ ಕೂಡಿಬರಲಿಲ್ಲ.
ಕಡಿದಾದ ಬಂಡೆ ತಪ್ಪು ಕಡೆ, ಬ್ರಹ್ಮಗಿರಿ ತಪ್ಪು ಕಡೆ.
'ಸುಳ್ಳುಗಾರ' ಎಂದರು. 'ನೋಡದೇ ಬರೆದಿದ್ದಾನೆ.'

ನನಗೊಂದು ಚಾಳಿ: ಹುಳು ತಿಂದ ತೂತು ಹುಡುಕಲು
ಕಾಗದವನ್ನು ಬಿಸಿಲಿಗೆ ಹಿಡಿಯುವುದು.
ಹಿಡಿದೆ, ಚಿತ್ರ ಸೂರ್ಯನ ಕಡೆ, ಬೆನ್ನು ನನ್ನ ಕಡೆ.
ಹಾಳೆಯ ಅಂಚಿನಲ್ಲಿ ಮುಗಿದ ಗೆರೆ
ಆಕಾಶದಲ್ಲಿ ಹಾಗೇ ಮುಂದುವರಿಯಿತು.

'ಮೇಡಮ್' ಎಂದೆ. ಕರೆಯಬಾರದಿತ್ತು.
ತಗಡಿನ ಮೇಲೆ ನೇರ ಕೊರೆದದ್ದು
ಕಾಗದಕ್ಕೆ ಮಗುಚಿ ಬೀಳುತ್ತದೆ.
ನನಗಿಂತ ಆಕೆಗೇ ಚೆನ್ನಾಗಿ ಗೊತ್ತು; ಮಕ್ಕಳಿಗೆ
ಆಲೂಗಡ್ಡೆ ಅಚ್ಚು ಕಲಿಸಿದ ಕೈ.
ಬೆಟ್ಟ ಸಿಕ್ಕಿತು.
ಹುಲ್ಲು ಕೊಯ್ಯುವವನ ಕುಡುಗೋಲು
ಬಲಗೈಗೆ ಹೋಗಿತ್ತು.

ವಾಪಸು ಬರುವಾಗ ಮಾತಿಲ್ಲ.
ಗೇಟು ಬಿದ್ದಿತ್ತು, ಕೋಲಾರದ ರೈಲಿಗೆ ಕಾದೆವು.
ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡಿದ್ದರು.

ಎರಡು ಗುರುವಾರ ಬರಲಿಲ್ಲ. ಮೂರನೆಯದಕ್ಕೆ
ನಾನೇ ಹೇಳಿದೆ: ಎರಡೂ ಕಡೆ ಗಾಜು ಹಾಕುತ್ತೇನೆ,
ಕಿಟಕಿಗೆ ತೂಗುಬಿಡಿ, ಬೇಕಾದ ಕಡೆಯಿಂದ ನೋಡಿ.
'ಬೇಡ. ಹಿಂದೆ ರಟ್ಟು ಹೊಡಿ, ದಪ್ಪದ್ದು.
ಬೆಟ್ಟ ಬೇಕಾದವರು ಕೆರೆ ಏರಿಗೆ ಹೋಗಲಿ.
ಇವನಿಗೆ ಇನ್ನೆಲ್ಲೂ ಊರಿಲ್ಲ.'

ಕೊನೆಯ ಮೊಳೆಗೆ, ಅಂಗಡಿಯಲ್ಲಿ ಯಾರೂ ಇಲ್ಲದಾಗ,
ಸುತ್ತಿಗೆಯನ್ನು ಎಡಗೈಗೆ ತೆಗೆದುಕೊಂಡೆ.
ಹೆಬ್ಬೆರಳು ನೀಲಿಗಟ್ಟಿತು.
ಮೊಳೆ ಕೂತಿದೆ, ಸ್ವಲ್ಪ ಓರೆಯಾಗಿ.